ನೂರಕ್ಕೆ ನೂರು ಹಾಜರಾತಿ

ನಮ್ಮ ಶಾಲೆಗೆ ನೂರಕ್ಕೆ ನೂರು ಹಾಜರಾತಿ ಬಂದ ವರ್ಷ ಶಾಲೆಯಲ್ಲಿ ಒಂದು ಮಗುವೂ ಇರಲಿಲ್ಲ.

ಮಕ್ಕಳಿದ್ದಾಗ ಅಷ್ಟು ಬಂದದ್ದೇ ಇಲ್ಲ. ಒಬ್ಬನಿಗೆ ಜ್ವರ, ಒಬ್ಬಳಿಗೆ ತಮ್ಮ ಹುಟ್ಟಿದ, ಇನ್ನೊಬ್ಬನಿಗೆ ಚಡ್ಡಿ ಒಣಗಿಲ್ಲ. ದಿನಕ್ಕೊಂದು ನೆವ. ರೋಗ ಬಂತು, ಗೇಟಿಗೆ ಬೀಗ ಬಿತ್ತು, ಎಲ್ಲ ಸರಿಹೋಯಿತು. ಮಕ್ಕಳೇ ಇಲ್ಲದ ಮೇಲೆ ತಪ್ಪಿಸಿಕೊಳ್ಳುವವರು ಯಾರು? ಶಿಕ್ಷಣ ಇಲಾಖೆಯ ಕಚೇರಿಯವರು ಮೆಚ್ಚಿ ಒಂದು ಪ್ರಶಸ್ತಿ ಪತ್ರ ಕಳಿಸಿದರು. ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದವಳು ನಾನೇ.

ನಾನು ಆ ಶಾಲೆಯ ಆಯಾ. ಬೀಗ ತೆಗೆಯುವುದು, ಗುಡಿಸುವುದು, ಗಂಟೆ ಹೊಡೆಯುವುದು, ಕಕ್ಕಸು ತೊಳೆಯುವುದು ನನ್ನ ಕೆಲಸ. ನನ್ನ ಮಗಳು ಅಲ್ಲೇ ಐದನೇ ಕ್ಲಾಸು. ಅವಳ ಟೀಚರಿಗೆ ಎಲ್ಲರೂ ಸಣ್ಣ ಟೀಚರ್ ಅನ್ನುತ್ತಿದ್ದರು. ವಯಸ್ಸಿನಿಂದ ಬಂದ ಹೆಸರಲ್ಲ, ಅವರಿಗೆ ಮೂವತ್ತಾರಾಗಿತ್ತು. ಅವರು ಅತಿಥಿ ಶಿಕ್ಷಕಿ, ಅದಕ್ಕೆ ಸಣ್ಣವರು. ಅತಿಥಿ ಎಂದರೆ ಬಂದು, ಉಂಡು, ತಾಂಬೂಲ ಹಾಕಿಕೊಂಡು ಹೋಗುವವರು ಎಂದು ನಾನು ತಿಳಿದಿದ್ದೆ. ಇವರು ಒಂಬತ್ತು ವರ್ಷದಿಂದ ಎಲ್ಲರಿಗಿಂತ ಮೊದಲು ಬಂದು, ಎಲ್ಲರ ಕೆಲಸ ಮಾಡಿ, ಕೊನೆಯಲ್ಲಿ ಕಿಟಕಿ ಮುಚ್ಚಿ ಹೋಗುತ್ತಿದ್ದರು. ಪ್ರತಿ ವರ್ಷ ಬೇಸಿಗೆಯಲ್ಲಿ ಅವರನ್ನು ತೆಗೆದುಹಾಕಿ, ಶಾಲೆ ತೆರೆದ ಮೇಲೆ ಮತ್ತೆ ಕರೆಯುತ್ತಿದ್ದರು. ಅತಿಥಿ ಸತ್ಕಾರದ ಕ್ರಮ ಅದು.

ಶಾಲೆ ಮುಚ್ಚಿತು ಅಂದೆನಲ್ಲ, ಅದು ಮಕ್ಕಳಿಗೆ. ನನಗೆ ತೆರೆದೇ ಇತ್ತು. ಹೊರಗಿಂದ ಬಂದವರನ್ನು ಹದಿನಾಲ್ಕು ದಿನ ಇಡಬೇಕೆಂದು ನಮ್ಮ ಶಾಲೆಯನ್ನೇ ಶಿಬಿರ ಮಾಡಿದರು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ನಲವತ್ತೊಂದು ಜನರನ್ನು ಮಲಗಿಸಿದರು. ಇದ್ದದ್ದು ಎರಡು ಕಕ್ಕಸು, ಒಂದು ನಲ್ಲಿ. ಐದು ವರ್ಷದ ಮಕ್ಕಳಿಗೆಂದು ಮಾಡಿದ ಕುಳಿ ಅವು. ದೊಡ್ಡವರು ಕೂತರೆ ಏನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ, ನೀವು ಊಟ ಮಾಡುತ್ತಿರಬಹುದು. ಒಂದು ಜೊತೆ ಗ್ಲೌಸು ಕೊಟ್ಟಿದ್ದರು. ತಿಂಗಳಿಗೆ. ಮೂರನೇ ದಿನಕ್ಕೆ ಅದರ ಹೆಬ್ಬೆರಳು ಹರಿಯಿತು. ಬ್ಲೀಚಿಂಗ್ ಪೌಡರಿಗೆ ಅಂಗೈ ಸುಲಿದು, ಮಗಳಿಗೆ ತಲೆ ಬಾಚುವಾಗ ಅವಳ ಕೂದಲು ನನ್ನ ಚರ್ಮಕ್ಕೆ ಸಿಕ್ಕಿಕೊಳ್ಳುತ್ತಿತ್ತು. "ಅಮ್ಮ, ನಿನ್ನ ಕೈ ಉಪ್ಪುಕಾಗದ" ಅಂದಳು. ಹಾಗಿದ್ದರೆ ಒಳ್ಳೆಯದೇ ಆಯಿತು, ಪಾತ್ರೆ ಉಜ್ಜಲು ನಾರು ಬೇಡ ಎಂದೆ. ನಕ್ಕಳು. ಮಕ್ಕಳು ನಗಲಿ ಎಂದು ತಾಯಂದಿರು ಹೇಳುವುದೆಲ್ಲ ಹಾಸ್ಯವಲ್ಲ.

ಕೆಲಸ ಕಡಿಮೆ ಎಂದು ಟೀಚರ್‌ಗಳಿಗೆ ಬೇಸರವಾಗಬಾರದಲ್ಲ. ಅವರಿಗೆ ಜ್ವರದ ಸರ್ವೆ ಕೊಟ್ಟರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಮನೆಮನೆಗೆ ಹೋಗಿ, ಹಣೆಗೆ ಯಂತ್ರ ಹಿಡಿದು, ಯಾರಿಗೆ ಕೆಮ್ಮು, ಯಾರಿಗೆ ಜ್ವರ ಎಂದು ಬರೆಯಬೇಕು. ನಮ್ಮ ಓಣಿಗಳ ಸರ್ವೆ ಶಾಲೆಯ ಒಬ್ಬ ಖಾಯಂ ಸಾರ್ ಹೆಸರಿಗೆ ಬಂತು. ಆದೇಶ ಬಂದ ದಿನವೇ ಅವರಿಗೆ ಬಿ.ಪಿ. ಬಂತು. ಡಾಕ್ಟರ ಚೀಟಿಯೂ ಜೊತೆಯಲ್ಲೇ ಬಂತು. ಅಂದಿನಿಂದ ನಾವು ಅವರನ್ನು ಬಿ.ಪಿ. ಸಾರ್ ಎಂದೇ ಕರೆದೆವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಡ್‌ಮಿಸ್ಟ್ರೆಸ್, ಎಂದರೆ ನಮ್ಮ ದೊಡ್ಡ ಮೇಡಂ, ಸಣ್ಣ ಟೀಚರನ್ನು ಕರೆದರು.

"ನೀನು ಹೋಗಿಬಿಡಮ್ಮ. ಲಿಸ್ಟಲ್ಲಿ ಅವರ ಹೆಸರೇ ಇರಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಮೇಡಂ, ಹತ್ತು ಗಂಟೆಗೆ ನನ್ನ ಆನ್‌ಲೈನ್ ಕ್ಲಾಸ್ ಇದೆಯಲ್ಲ?"

"ಅದನ್ನೂ ಅಡ್ಜಸ್ಟ್ ಮಾಡ್ಕೋ."

ಮೇಡಂ ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಇತ್ತು, ಅಷ್ಟೇ. ಆ ಎರಡು ವರ್ಷವನ್ನು ತುಂಬಿದ ಕೊಡದ ಹಾಗೆ ತಲೆ ಮೇಲೆ ಹೊತ್ತು ನಡೆಯುತ್ತಿದ್ದರು, ತುಳುಕಬಾರದು ಎಂದು.

ಆನ್‌ಲೈನ್ ಕ್ಲಾಸು ಎಂದರೆ ಹೀಗೆ. ಐದನೇ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು. ಅವರ ಮನೆಗಳಲ್ಲಿ ಒಟ್ಟು ಹದಿನಾಲ್ಕು ಫೋನು. ಅದರಲ್ಲಿ ಒಂಬತ್ತು, ಬೆಳಿಗ್ಗೆ ಅಪ್ಪಂದಿರ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವು. ಹತ್ತು ಗಂಟೆಗೆ ಟೀಚರ ನಂಬರಿನಿಂದ ಗ್ರೂಪಿಗೆ ಪಾಠದ ವಿಡಿಯೋ ಬರಬೇಕು. ನೋಡಿದವರು ಹೆಬ್ಬೆರಳಿನ ಚಿತ್ರ ಒತ್ತಬೇಕು. ಫೋನಿದ್ದ ತಾಯಿ ತನ್ನ ಮಗುವಿಗೂ ಒತ್ತಿ, ಓಣಿಯ ಉಳಿದ ಮಕ್ಕಳ ಹಾಜರಿ ನಂಬರನ್ನೂ ಸೇರಿಸಿ ಬರೆಯುತ್ತಿದ್ದಳು. ಹನ್ನೊಂದಕ್ಕೆ ಮೇಡಂ ಅದನ್ನು ಕಚೇರಿಗೆ ಕಳಿಸುತ್ತಿದ್ದರು. ಮೊದಲ ವಾರ ಇಪ್ಪತ್ತಾರು ಎಂದು ಕಳಿಸಿದ್ದಕ್ಕೆ, ಉಳಿದ ಹನ್ನೆರಡು ಎಲ್ಲಿ ಎಂದು ಬೈಗುಳ ಬಂತು. ಎರಡನೇ ವಾರದಿಂದ ಮೂವತ್ತೆಂಟು. ಬೈಗುಳದಲ್ಲಿ ಎಂಥ ಶಕ್ತಿ ಇದೆ ನೋಡಿ, ಫೋನಿಲ್ಲದ ಮಕ್ಕಳಿಗೂ ಪಾಠ ಕೇಳಿಸಿತು.

ಹತ್ತು ಗಂಟೆಗೆ ಟೀಚರ್ ಯಾರದೋ ಮೆಟ್ಟಿಲು ಹತ್ತುತ್ತಿರುತ್ತಿದ್ದರು. ಓಣಿಯಲ್ಲಿ ಸಿಗ್ನಲ್ ಒಂದು ಹೊತ್ತು ಇದ್ದರೆ ಒಂದು ಹೊತ್ತು ಇಲ್ಲ. ಅದಕ್ಕೆ ಭಾನುವಾರ ಶಾಲೆಯ ಉಗ್ರಾಣದಲ್ಲಿ ಕೂತು ಇಡೀ ವಾರದ ಪಾಠ ರೆಕಾರ್ಡ್ ಮಾಡಿಡುತ್ತಿದ್ದರು. ಬೋರ್ಡ್ ಹಿಡಿದು ನಿಲ್ಲುವವಳು ನಾನು. ಭಿನ್ನರಾಶಿ ಹೇಳಿಕೊಡಲು ಒಂದು ಸೋಪನ್ನು ನಾಲ್ಕು ತುಂಡು ಮಾಡಿದರು. ಕೈ ತೊಳೆಯಲೆಂದು ಶಿಬಿರದ ನಾಲ್ಕು ಕೋಣೆಗೆ ಒಂದು ಸೋಪು ಬಂದಿತ್ತು, ಆದ್ದರಿಂದ ಲೆಕ್ಕವೂ ಆಯಿತು, ಹಂಚಿಕೆಯೂ ಆಯಿತು. ತಮ್ಮ ಫೋನನ್ನು ನನ್ನ ಕೈಯಲ್ಲೇ ಬಿಟ್ಟು, ಕಚೇರಿಯವರು ಕೊಟ್ಟ ಸರ್ವೆ ಫೋನು ಹಿಡಿದು ಹೋಗುತ್ತಿದ್ದರು.

"ಹತ್ತಕ್ಕೆ ಸರಿಯಾಗಿ ಇದನ್ನ ಒತ್ತಿ ಅಕ್ಕ. ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೂ ಕಚೇರೀಲಿ ಕೆಂಪು ಗುರುತು ಬರುತ್ತಂತೆ. ಅತಿಥಿಗೆ ಎರಡು ಕೆಂಪು ಬಂದ್ರೆ ಮನೆಗೆ."

"ನೀವು ಹೋಗ್ಬನ್ನಿ. ಗಂಟೆ ಹೊಡೆಯೋಳಿಗೆ ಹೊತ್ತು ಹೇಳಿಕೊಡ್ಬೇಕಾ?"

ಒತ್ತಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಪೊರಕೆ ಕೆಳಗಿಟ್ಟು, ಹರಿದ ಗ್ಲೌಸು ಬಿಚ್ಚಿ, ಕೈ ತೊಳೆದು, ಸೆರಗಿಗೆ ಒರೆಸಿ, ಸರಿಯಾಗಿ ಹತ್ತಕ್ಕೆ ಒತ್ತಿದೆ. ಎಂಟು ವಾರದಲ್ಲಿ ಒಂದು ದಿನ ತಪ್ಪಲಿಲ್ಲ. ನನ್ನ ಮಗಳ ಹಾಜರಾತಿಯನ್ನೂ ನಾನೇ ಹಾಕಿದೆ. ಅವಳು ಆ ಹೊತ್ತಿಗೆ ಅಜ್ಜಿಯ ಜೊತೆ ನೀರಿನ ಸಾಲಿನಲ್ಲಿ ನಿಂತಿರುತ್ತಿದ್ದಳು. ಸಂಜೆ ಅದೇ ವಿಡಿಯೋ ತೋರಿಸುತ್ತಿದ್ದೆ, ಟೀಚರ್ ಮನೆಗೆ ಹೋಗುವ ದಾರಿಯಲ್ಲಿ ಬಂದು ಫೋನು ಒಯ್ಯುವ ಮೊದಲು, ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಎಷ್ಟು ಕಲಿಯುತ್ತದೆ ಮಗು? ಬರೆದುಕೊಂಡಷ್ಟು. ನನ್ನ ಅತ್ತೆ ಮೂಲೆಯಲ್ಲಿ ಕೂತು, "ಏನೇ, ಕಕ್ಕಸು ತೊಳೆದು ತೊಳೆದು ಈಗ ಟೀಚರ್ ಆಗ್ಬಿಟ್ಯಾ?" ಅನ್ನುತ್ತಿದ್ದರು. "ಹೂಂ ಅತ್ತೆ, ನಾಳೆ ನಿಮ್ಮನ್ನೂ ಒಂದನೇ ಕ್ಲಾಸಿಗೆ ಸೇರಿಸ್ಕೋತೀನಿ" ಅನ್ನುತ್ತಿದ್ದೆ.

ಎರಡಕ್ಕೆ ಟೀಚರ್ ವಾಪಸ್ ಬರುವ ಹೊತ್ತಿಗೆ ನಾನು ನೀರು ತುಂಬಿಡುತ್ತಿದ್ದೆ. ಅವರು ನಲ್ಲಿಯ ಹತ್ತಿರ ನಿಂತು ಮೊದಲು ಕಾಲು, ಆಮೇಲೆ ಮುಖ ತೊಳೆಯುತ್ತಿದ್ದರು. ಎಷ್ಟೋ ಮನೆಗಳು ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಮನೆಯಲ್ಲಿ ನೆಲ ಒರೆಸಿದ ನೀರನ್ನು ಮೇಲಿಂದ ಸುರಿದರು. "ತಪ್ಪಾಯ್ತು, ನೋಡ್ಲಿಲ್ಲ" ಅಂದರಂತೆ. ನೋಡದೆ ಅಷ್ಟು ಗುರಿ ಇಟ್ಟು ಸುರಿಯುವುದು ದೊಡ್ಡ ವಿದ್ಯೆ. ಟೀಚರ್ ಹೇಳಿ ನಕ್ಕರು. ನಗುವಾಗ ಕೆಮ್ಮಿದರು.

ಒಂದು ಸೋಮವಾರ ಕೆಮ್ಮು ನಿಲ್ಲಲಿಲ್ಲ. "ನಾಳೆ ರಜ ಹಾಕಿ" ಎಂದೆ. "ಅತಿಥಿಗೆ ರಜ ಎಲ್ಲಿದೆ ಅಕ್ಕ?" ಅಂದರು. ಮಂಗಳವಾರ ಹತ್ತೂವರೆಗೆ ನಮ್ಮ ಓಣಿಯ ಹೊಲಿಗೆಯವಳ ಮನೆಯ ಮೆಟ್ಟಿಲ ಮೇಲೆ ಬಿದ್ದರು. ಅರ್ಧ ಗಂಟೆ ಮೊದಲು ನಾನು ಅವರ ಪಾಠ ಕಳಿಸಿದ್ದೆ. ಅವರನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಆಟೋದವನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಸೇರಿಸಿದ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಟೀಚರ ಫೋನು ನನ್ನ ಹತ್ತಿರ ಇತ್ತು. ಅದರಲ್ಲಿ ಇಡೀ ವಾರದ ಪಾಠ ಇತ್ತು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಕೆಂಪು ಬಿದ್ದು ಕೆಲಸ ಹೋದರೆ ಹೇಗೆ ಎಂದು ಯೋಚಿಸಿದೆ. ಬುಧವಾರ ಹತ್ತಕ್ಕೆ ಒತ್ತಿದೆ. ಗುರುವಾರ ಹತ್ತಕ್ಕೆ ಒತ್ತಿದೆ. ಶುಕ್ರವಾರ ಹತ್ತಕ್ಕೆ ಒತ್ತಿದೆ. ಮೂವತ್ತೆಂಟಕ್ಕೆ ಮೂವತ್ತೆಂಟು.

ಶುಕ್ರವಾರ ಮಧ್ಯಾಹ್ನ ಟೀಚರ ತಾಯಿ ಶಾಲೆಯ ಗೇಟಿಗೆ ಬಂದರು. ಎಪ್ಪತ್ತು ದಾಟಿದ ಜೀವ. ನಡೆದೇ ಬಂದಿದ್ದರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ.

"ವರಾಂಡದಲ್ಲಿ ಮಲಗಿಸಿದ್ದಾರೆ ತಾಯಿ. ಮೂರು ಜನಕ್ಕೆ ಒಂದು ಸಿಲಿಂಡರ್. ಒಂದೊಂದು ಗಂಟೆ ಸರದಿ. ಅವಳ ಗಂಟೆ ಮುಗಿದ ಮೇಲೆ ಉಗುರು ನೀಲಿ ಆಗುತ್ತೆ. ಮುಂದಿನ ಸರದಿ ಬರೋವರೆಗೆ ನಾನು ಉಗುರನ್ನೇ ನೋಡ್ತಾ ಕೂತಿರ್ತೀನಿ."

ಆಸ್ಪತ್ರೆಯಲ್ಲಿ ಡ್ಯೂಟಿ ವಾರ್ಡು ಅಂತ ಒಂದಿತ್ತು. ರೋಗದ ಕೆಲಸ ಮಾಡುವಾಗ ರೋಗ ಹತ್ತಿದವರಿಗೆ ಮೀಸಲು. ಮಂಚಕ್ಕೊಂದು ಸಿಲಿಂಡರ್. ಅಲ್ಲಿ ಎರಡು ಮಂಚ ಖಾಲಿ ಇದ್ದವು. ಇವರು ಸರ್ವೆ ಕೆಲಸದಲ್ಲಿದ್ದರು ಎಂದು ಕಚೇರಿಯಿಂದ ಒಂದು ಪತ್ರ ತಂದರೆ ಸಾಕು ಅಂದಿದ್ದರಂತೆ. ದೊಡ್ಡ ಮೇಡಂ, "ನನ್ನ ಕೈಲಿಲ್ಲಮ್ಮ, ಸರ್ವೆ ಆದೇಶ ಕಚೇರೀದು, ಅಲ್ಲೇ ಕೇಳಿ" ಎಂದು ಒಳಗೆ ಹೋಗಿಬಿಟ್ಟರು. ನಾನು ಗ್ಲೌಸು ಬಿಚ್ಚಿ ತಂತಿಗೆ ಹಾಕಿ ಆ ಅಜ್ಜಿಯ ಜೊತೆ ಹೊರಟೆ.

ಕಚೇರಿಯ ಸಾಹೇಬರು ಮೇಜಿನ ಆಚೆ ಕೂತಿದ್ದರು. ಅಜ್ಜಿ ಅರ್ಜಿ ಇಟ್ಟ ಕೂಡಲೇ ಮೇಜಿಗೆ ಔಷಧಿ ಸಿಂಪಡಿಸಿ, ಅರ್ಜಿಯನ್ನು ಸ್ಕೇಲಿನಿಂದ ಎಳೆದುಕೊಂಡರು. ನನ್ನನ್ನು ನೋಡಿ, "ನೀನ್ಯಾರು?" ಅಂದರು.

"ಶಾಲೆ ಆಯಾ ಸಾರ್."

"ಆಯಾಗೆ ಇಲ್ಲೇನು ಕೆಲಸ? ಬಾಗಿಲಾಚೆ ನಿಲ್ಲು."

ನಿಂತೆ. ಹೊಸಿಲಿಗೆ ಕಾಲು ತಾಗದಂತೆ ನಿಲ್ಲುವುದು ನನಗೆ ಹೊಸದಲ್ಲ.

ಸಾಹೇಬರು ಕಂಪ್ಯೂಟರ್ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಒಂದು ಸಂತೋಷ ಬಂತು.

"ನಿಮ್ಮ ಮಗಳು ಸರ್ವೆಗೇ ಹೋಗಿಲ್ವಲ್ಲಮ್ಮ. ಲಿಸ್ಟಲ್ಲಿರೋದು ಬೇರೆ ಸಾರ್ ಹೆಸರು. ಇವರದ್ದು ನೋಡಿ, ದಿನಾ ಹತ್ತಕ್ಕೆ ಮನೆಯಿಂದ ಪಾಠ. ಮಂಗಳವಾರ ಹತ್ತಕ್ಕೆ ಪಾಠ ಮಾಡಿದ್ದಾರೆ. ಬುಧವಾರ ಮಾಡಿದ್ದಾರೆ. ಗುರುವಾರ ಮಾಡಿದ್ದಾರೆ. ಇವತ್ತೂ ಮಾಡಿದ್ದಾರೆ! ವರಾಂಡದಲ್ಲಿ ಉಸಿರಿಲ್ಲದೆ ಮಲಗಿದೋರು ಭಿನ್ನರಾಶಿ ಹೇಳ್ಕೊಡ್ತಾರಾ? ಯಾರಿಗೆ ಕಿವಿಗೆ ಹೂ ಇಡ್ತೀರಿ?"

ಅಜ್ಜಿಗೆ ಅರ್ಥವಾಗಲಿಲ್ಲ. ನನಗಾಯಿತು. ಕಾಲ ಕೆಳಗಿನ ನೆಲ ಕುಸಿಯುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳು. ನೆಲ ಗಟ್ಟಿಯಾಗಿಯೇ ಇರುತ್ತದೆ, ನಾವು ನಿಂತಿರಬೇಕಾಗುತ್ತದೆ. ಎಂಟು ವಾರ ಕೈ ತೊಳೆದು, ಒರೆಸಿ, ನಿಮಿಷ ತಪ್ಪದೆ ನಾನು ಒತ್ತಿದ ಒಂದೊಂದು ಪಾಠವೂ ಅಲ್ಲಿ ಸಾಲಾಗಿ ನಿಂತು ಟೀಚರ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಹೊಸಿಲು ದಾಟಿ ಒಳಗೆ ಹೋದೆ.

"ಅದು ನಾನು ಸಾರ್."

"ಏನು ನೀನು?"

"ಪಾಠ ಕಳಿಸಿದ್ದು ನಾನು. ಟೀಚರ್ ದಿನಾ ಸರ್ವೆಗೆ ಹೋಗ್ತಿದ್ರು, ಬಿ.ಪಿ. ಸಾರ್ ಬದಲಿಗೆ. ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಪಾಠಾನ ಹತ್ತಕ್ಕೆ ನಾನು ಒತ್ತುತಿದ್ದೆ. ಅವರು ಆಸ್ಪತ್ರೆ ಸೇರಿದ ಮೇಲೂ ಒತ್ತಿದೆ."

ಸಾಹೇಬರು ನಕ್ಕರು.

"ಕಕ್ಕಸು ತೊಳೆಯೋಳು ಕ್ಲಾಸ್ ನಡೆಸಿದ್ಲು! ಚೆನ್ನಾಗಿದೆ. ಅದಕ್ಕೆ ನಾವು ಪ್ರಶಸ್ತಿ ಕೊಟ್ವಿ!" ನಗು ಅಲ್ಲಿಗೆ ನಿಂತಿತು. ಕೊಟ್ಟವರು ತಾವೇ ಎಂಬುದು ಆಗ ನೆನಪಾಗಿರಬೇಕು. ಮೇಲಿನವರಿಗೆ ವರದಿ ಹೋಗಿತ್ತು. ಇಡೀ ವಲಯದಲ್ಲಿ ನೂರಕ್ಕೆ ನೂರು ಎಂದು ಅವರಿಗೂ ಯಾರೋ ಶಾಲು ಹೊದಿಸಿದ್ದರು.

ದನಿ ಇಳಿಸಿದರು. "ನೋಡಮ್ಮ, ನೀನು ಬಡವಿ. ಮಗಳನ್ನ ಓದಿಸ್ತಿದ್ದೀಯ. ಟೀಚರ್ ಮನೇಲೇ ಇದ್ದು ಪಾಠ ಮಾಡ್ತಿದ್ರು, ಸರ್ವೆಗೆ ಹೋಗಿಲ್ಲ ಅಂತ ಒಂದು ಹಾಳೆ ಬರೆಸ್ತೀನಿ. ಶಾಲೆ ಸಿಬ್ಬಂದಿ ಅಂತ ನೀನೊಂದು ಸಹಿ ಹಾಕು. ಫೈಲು ಮುಗಿಯುತ್ತೆ. ನಿನ್ನ ಕೆಲಸಕ್ಕೆ ತೊಂದರೆ ಇಲ್ಲ. ಮಾನವೀಯತೆಯಿಂದ ನಾನೇ ಆಸ್ಪತ್ರೆಗೆ ಫೋನ್ ಮಾಡಿ, ಸಿಲಿಂಡರ್ ಸರದಿ ಸ್ವಲ್ಪ ಬೇಗ ಬರೋ ಹಾಗೆ ನೋಡ್ತೀನಿ."

ಮಾನವೀಯತೆ. ಉಸಿರಿಲ್ಲದೆ ಎರಡು ಗಂಟೆ ಕಾಯುವ ಬದಲು ಒಂದೂವರೆ ಗಂಟೆ.

"ನಾನು ಹಾಕಲ್ಲ ಸಾರ್."

"ಏನಂದೆ?"

"ಹಾಕಲ್ಲ. ನಡೆದದ್ದನ್ನ ಬರೆಯಿರಿ, ಹಾಕ್ತೀನಿ."

ಸಾಹೇಬರ ಕುರ್ಚಿ ಹಿಂದಕ್ಕೆ ಸರಿಯಿತು. "ನಿನ್ನ ಒಬ್ಬಳ ಮಾತಿಗೆ ಸರ್ಕಾರದ ದಾಖಲೆ ತಿದ್ದೋಕಾಗುತ್ತಾ? ಮೂವತ್ತೆಂಟು ಮಕ್ಕಳು ಪಾಠ ಕೇಳಿದ ದಾಖಲೆ ಇದೆ ಇಲ್ಲಿ. ಆ ಮೂವತ್ತೆಂಟೂ ಬಂದು ನಾವು ಪಾಠಕ್ಕೆ ಇರಲೇ ಇಲ್ಲ ಅಂತಾವಾ? ಹೋಗು, ಕರ್ಕೊಂಡ್ಬಾ ಹೋಗು!"

"ಸರಿ ಸಾರ್" ಎಂದೆ.

ಅವರು ಬೈದದ್ದು ಎಂದು ನನಗೆ ಗೊತ್ತಿತ್ತು. ಆದರೂ ಸಾಹೇಬರು ಬಾಯಿಬಿಟ್ಟು ಹೇಳಿದ ಮೇಲೆ ಮೀರುವುದುಂಟೆ?

ಸಂಜೆ ಓಣಿಗೆ ಹೋದೆ. ಮೊದಲು ಹೊಲಿಗೆಯವಳ ಮನೆ. ಅವಳ ಫೋನಿನಿಂದಲೇ ಏಳು ಮಕ್ಕಳ ಹಾಜರಾತಿ ಬರುತ್ತಿತ್ತು. ಸರ್ವೆಗೆ ಬಂದವರಿಗೆ ಬಾಗಿಲು ತೆರೆಯದವರಲ್ಲಿ ಅವಳೂ ಒಬ್ಬಳು. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ನಿನಗೇನು ಹುಚ್ಚಾ? ಹಾಜರಾತಿ ಸುಳ್ಳು ಅಂದ್ರೆ ಮಕ್ಕಳನ್ನ ಫೇಲ್ ಮಾಡ್ತಾರೆ ಕಣೇ."

"ಫೇಲಾದ್ರೆ ಇನ್ನೊಂದು ವರ್ಷ ಅದೇ ಕ್ಲಾಸು ಓದ್ತವೆ. ಟೀಚರ್ ಸತ್ರೆ ಇನ್ನೊಂದು ಸಲ ಬರ್ತಾರಾ?"

"ನಿನ್ನ ಕೆಲಸ ಹೋಗುತ್ತೆ."

"ಬೇರೆ ಕಕ್ಕಸು ಹುಡುಕ್ತೀನಿ. ಜನ ಹೇಲೋದು ನಿಲ್ಲಿಸಲ್ವಲ್ಲ."

ಅವಳು ನಗಲಿಲ್ಲ. ಯಂತ್ರ ನಿಂತಿತು. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಸುಮ್ಮನೆ ಸರಿಮಾಡಿದಳು.

"ನನ್ನ ಮೆಟ್ಟಿಲ ಮೇಲೇ ಬಿದ್ದಿದ್ದು. ಕಿಟಕಿಯಿಂದ ನೋಡ್ದೆ. ನೀರು ಕೇಳಿದ್ರು. ಬಾಗಿಲು ಸಂದೀಲಿ ಲೋಟ ಇಟ್ಟು, ಬಾಗಿಲು ಹಾಕ್ಕೊಂಡೆ. ಅವರ ಕೈ ಲೋಟದವರೆಗೂ ಬರ್ಲಿಲ್ಲ. ಆಮೇಲೆ ಆ ಲೋಟಾನ ಬಿಸಾಕ್ದೆ." ಸೂಜಿಯಿಂದ ದಾರ ಕತ್ತರಿಸಿ, "ಎಷ್ಟು ಗಂಟೆಗೆ ಬರ್ಬೇಕು?" ಅಂದಳು.

ಅವಳು ಒಪ್ಪಿದ ಮೇಲೆ ಉಳಿದವರದು ಸುಲಭವಾಯಿತು ಎನ್ನಲಾರೆ. ಮೂವರು ಬೈದರು. ಒಬ್ಬಳು ಒಲೆಯ ಮುಂದಿಂದ ಏಳಲೇ ಇಲ್ಲ. ಒಬ್ಬಳು ಅತ್ತಳು, ಅವಳನ್ನು ಸಮಾಧಾನ ಮಾಡುವುದೂ ನನ್ನ ಪಾಲಿಗೇ ಬಂತು. ನನ್ನ ಅತ್ತೆ ಮಾತ್ರ, ಎಂದೂ ನನ್ನ ಪರ ಒಂದು ಮಾತು ಆಡದವರು, ನಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ, "ನಮ್ಮ ಹುಡುಗಿ ಬರ್ತಾಳೆ! ನಿಮ್ಮವು ಬಂಗಾರದವಾ?" ಎಂದು ಕೂಗಿದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಯ ಅಂಗಳಕ್ಕೆ ಹೋದೆ. ಶಿಬಿರದ ಡಬ್ಬಿಯಿಂದ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಕಟ್ಟಿಕೊಂಡಿದ್ದೆ. ಅಂಗಳ ಗುಡಿಸಿ, ಎರಡೆರಡು ಹೆಜ್ಜೆಗೆ ಒಂದರಂತೆ ಮೂವತ್ತೆಂಟು ವೃತ್ತ ಬಿಡಿಸಿದೆ. ಗುಂಪು ಸೇರಿದರು ಎಂದು ಹೇಳಲು ಅವರಿಗೆ ಅವಕಾಶ ಇರಬಾರದು. ಹತ್ತು ಗಂಟೆಗೆ ಮಕ್ಕಳು ಬಂದು ಒಂದೊಂದು ವೃತ್ತದಲ್ಲಿ ನಿಂತರು. ಮೂವತ್ಮೂರು ಮಕ್ಕಳು. ಕೆಲವರಿಗೆ ಮಾಸ್ಕು, ಕೆಲವರಿಗೆ ಅಮ್ಮನ ಹಳೆ ಸೀರೆಯ ತುಂಡು. ತಾಯಂದಿರು ಗೋಡೆಯ ಪಕ್ಕ. ಅಜ್ಜಿಯೂ ಬಂದಿದ್ದರು. ಆಸ್ಪತ್ರೆಯಲ್ಲಿ ಟೀಚರ ಸಿಲಿಂಡರ್ ಸರದಿ ಹತ್ತಕ್ಕೆ ಮುಗಿಯುತ್ತಿತ್ತು, ಮುಂದಿನದು ಹನ್ನೆರಡಕ್ಕೆ.

ಸುದ್ದಿ ಕೇಳಿ ದೊಡ್ಡ ಮೇಡಂ ಆಟೋದಲ್ಲಿ ಬಂದಿಳಿದರು. "ಏನೇ ಇದು! ನನ್ನನ್ನ ಬೀದಿಗೆ ತರ್ತೀಯ? ಕಳ್ಸೇ ಮಕ್ಕಳನ್ನ!" ಅವರ ಕಂಕುಳಲ್ಲಿ ಹಾಜರಿ ಪುಸ್ತಕ ಇತ್ತು. ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ.

"ಪುಸ್ತಕ ಕೊಡಿ ಮೇಡಂ. ನಾನೇ ಕೂಗ್ತೀನಿ."

"ನನ್ನ ರಿಜಿಸ್ಟರ್ ನೀನು ಮುಟ್ತೀಯಾ?" ಎಂದರು. ಮೂವತ್ತೊಂದು ವರ್ಷದಲ್ಲಿ ಅದನ್ನು ಬೇರೆಯವರ ಕೈಗೆ ಕೊಟ್ಟವರಲ್ಲ ಅವರು. ನಾನು ಕೈ ಚಾಚಿಯೇ ನಿಂತೆ. ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಮೇಡಂ ಜೀಪು ನೋಡಿದರು. ಮಕ್ಕಳನ್ನು ನೋಡಿದರು. ಆರು ತಿಂಗಳಿಂದ ಅವರು ಮಕ್ಕಳನ್ನು ನೋಡಿರಲಿಲ್ಲ. ಮಕ್ಕಳು ಅಭ್ಯಾಸದಂತೆ ಒಟ್ಟಿಗೆ ರಾಗ ಎಳೆದರು, "ನಮಸ್ತೇ ಮೇಡಂ..."

ಮೇಡಂ ಕನ್ನಡಕ ಏರಿಸಿದರು. ಪುಸ್ತಕ ಬಿಚ್ಚಿದರು. ಕೆಂಪು ಪೆನ್ನು ತೆಗೆದರು.

"ಮಂಗಳವಾರದ್ದು ಹೇಳಿ. ಒಂದು."

"ಇರಲಿಲ್ಲ ಮೇಡಂ."

"ಎರಡು."

"ಇರಲಿಲ್ಲ ಮೇಡಂ. ತಂಗೀನ ನೋಡ್ಕೋತಿದ್ದೆ."

"ಮೂರು."

"ಗುಜರಿ ಆಯೋಕೆ ಹೋಗಿದ್ದೆ ಮೇಡಂ."

"ಏಯ್, ಏನು ನಡೀತಿದೆ ಇಲ್ಲಿ?" ಎಂದು ಸಾಹೇಬರು ಜೀಪಿನಿಂದಲೇ ಕೂಗಿದರು.

"ನೀವೇ ಕರ್ಕೊಂಡ್ಬಾ ಅಂದ್ರಲ್ಲ ಸಾರ್" ಎಂದೆ.

ಮೇಡಂ ತಲೆ ಎತ್ತಲಿಲ್ಲ. ಹಾಜರಿ ಹಾಕುವಾಗ ನಡುವೆ ಮಾತಾಡಿದರೆ ಅವರಿಗೆ ಮೊದಲಿನಿಂದ ಸಿಟ್ಟು. "ಸೈಲೆನ್ಸ್! ನಾಲ್ಕು."

ಸಾಹೇಬರು ಸುಮ್ಮನಾದರು.

ಹದಿನೇಳು ನನ್ನ ಮಗಳು. "ನೀರಿನ ಸಾಲಲ್ಲಿದ್ದೆ ಮೇಡಂ. ಸಂಜೆ ಹತ್ತು ನಿಮಿಷ ನೋಡಿದೆ. ಮುಕ್ಕಾಲು ಭಾಗ ಅರ್ಥ ಆಗ್ಲಿಲ್ಲ" ಅಂದಳು. ಮೇಡಂ ಬರೆದುಕೊಂಡರು. ಇಪ್ಪತ್ತಮೂರು ಎಂದಾಗ ಯಾರೂ ಮಾತಾಡಲಿಲ್ಲ. ಮತ್ತೆ ಕೂಗಿದರು. ಇಪ್ಪತ್ತನಾಲ್ಕನೇ ಹುಡುಗಿ, "ಅವರು ಊರು ಬಿಟ್ಟು ನಡ್ಕೊಂಡು ಹೋದ್ರು ಮೇಡಂ, ಮೊದಲನೇ ತಿಂಗಳೇ. ಎಲ್ಲಿಗೆ ಅಂತ ಗೊತ್ತಿಲ್ಲ" ಅಂದಳು. ಆ ಮಗು ಎಂಟು ವಾರ ಒಂದು ದಿನ ತಪ್ಪದೆ ಪಾಠಕ್ಕೆ ಹಾಜರಾಗಿತ್ತು. ಮೇಡಂ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ನಿಂತಿತು. ಆಮೇಲೆ ಅಲ್ಲಿಯೂ ಕೆಂಪು ಬಿತ್ತು.

ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹೊಲಿಗೆಯವಳು ಫೋನು ಎತ್ತಿ ಹಿಡಿದಿದ್ದಳು.

"ಯಾರದು ವಿಡಿಯೋ ಮಾಡ್ತಿರೋದು?" ಸಾಹೇಬರು ಕೆಂಡವಾದರು.

"ಆನ್‌ಲೈನ್ ಕ್ಲಾಸ್ ಸಾರ್" ಅಂದಳು. "ಮಂಗಳವಾರ ಹತ್ತೂವರೆಗೆ ಟೀಚರ್ ನನ್ನ ಮೆಟ್ಟಿಲ ಮೇಲೆ ಬಿದ್ರು. ಕೈಯಲ್ಲಿ ನಿಮ್ಮ ಜ್ವರದ ಯಂತ್ರ ಇತ್ತು. ಅದನ್ನೂ ಹೇಳ್ಬಿಡ್ತೀನಿ, ರೆಕಾರ್ಡ್ ಆಗ್ಲಿ."

ಮೂವತ್ತೆಂಟೂ ಮುಗಿಯಿತು. ಮೇಡಂ ಪುಸ್ತಕ ಮುಚ್ಚಿ ಸಾಹೇಬರ ಹತ್ತಿರ ಹೋದರು. ಅವರ ತಲೆ ಮೇಲಿನ ಕೊಡ ಅಲ್ಲಾಡಿದ್ದು ನನಗೆ ಕಂಡಿತು. "ಅವಳನ್ನ ಸರ್ವೆಗೆ ಕಳಿಸಿದ್ದು ನಾನು ಸಾರ್. ಬೇರೆಯವರ ಹೆಸರಲ್ಲಿ. ಬರೆದು ಕೊಡ್ತೀನಿ" ಅಂದರು. ನಿವೃತ್ತಿಗೆ ಎರಡು ವರ್ಷ ಇತ್ತು. ಆದರೂ ಅಂದರು.

ಸಾಹೇಬರಿಗೆ ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕರಗಲಿಲ್ಲ. ಫೋನಿನ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು, ಒಳಗೆ ಹೋದರು. ಹನ್ನೊಂದು ಇಪ್ಪತ್ತಕ್ಕೆ ಎರಡು ಕಾಗದ ಹಿಡಿದು ನನ್ನನ್ನು ಕರೆದರು. ಒಂದು, ಟೀಚರ್ ಸರ್ವೆ ಕೆಲಸದಲ್ಲಿದ್ದರು ಎಂಬ ಪತ್ರ. ಇನ್ನೊಂದು ನೋಟೀಸು. ಸುಳ್ಳು ಹಾಜರಾತಿ ಕೊಟ್ಟದ್ದಕ್ಕೆ ನಿಮ್ಮನ್ನು ಏಕೆ ತೆಗೆದುಹಾಕಬಾರದು, ಮೂರು ದಿನದೊಳಗೆ ಖುದ್ದಾಗಿ ಬಂದು ಉತ್ತರ ಕೊಡಿ ಎಂದು. ಅದೂ ಟೀಚರ ಹೆಸರಿಗೇ.

"ಹೇಗೂ ಆಸ್ಪತ್ರೆಗೆ ಹೋಗ್ತೀಯಲ್ಲ. ಇದನ್ನೂ ಅವರ ಕೈ ಮುಟ್ಟಿಸಿ ಸಹಿ ತಗೊಂಡ್ಬಾ."

ಪತ್ರ ತೆಗೆದುಕೊಂಡು ಮಡಿಸಿ ರವಿಕೆಯೊಳಗೆ ಇಟ್ಟೆ. ನೋಟೀಸು ಅವರ ಕೈಯಲ್ಲೇ ಉಳಿಯಿತು.

"ತಗೋ."

"ಒಯ್ಯಲ್ಲ ಸಾರ್."

"ಕಾಗದ ಪತ್ರ ಮುಟ್ಟಿಸೋದು ನಿನ್ನ ಕೆಲಸ!"

"ನನ್ನ ಕೆಲಸ ಕಕ್ಕಸು ತೊಳೆಯೋದು. ಇದು ನಿಮ್ಮದು ಸಾರ್, ನೀವೇ ತೊಳ್ಕೊಳ್ಳಿ."

ಉತ್ತರಕ್ಕೆ ಕಾಯಲಿಲ್ಲ. ಮಗಳನ್ನು ಹೊಲಿಗೆಯವಳ ಕೈಗೆ ಒಪ್ಪಿಸಿ, ಮೇಡಂ ಬಂದಿದ್ದ ಆಟೋದಲ್ಲೇ ಅಜ್ಜಿಯನ್ನು ಕೂರಿಸಿಕೊಂಡು ಹೋದೆ.

ವರಾಂಡದಲ್ಲಿ ಟೀಚರ್ ಗಾಲಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಎದೆ ಇಡೀ ಏಳುತ್ತಿತ್ತು, ಒಳಗೆ ಏನೂ ಹೋಗುತ್ತಿರಲಿಲ್ಲ. ಅಜ್ಜಿ ಮೊದಲು ಉಗುರು ನೋಡಿದರು. ಹನ್ನೆರಡಾಗಲು ಹತ್ತು ನಿಮಿಷ ಇತ್ತು. ಡ್ಯೂಟಿ ವಾರ್ಡಿನ ಬಾಗಿಲಲ್ಲಿ ಕೂತಿದ್ದ ಕಾವಲುಗಾರ ಪತ್ರ ಓದಿದ. ಸೀಲು ನೋಡಿದ. ಹಿಂದೆ ತಿರುಗಿಸಿ ನೋಡಿದ.

"ಡ್ಯೂಟಿ ಮೇಲಿದ್ದೋರು ಅಂತ ಮೊದಲೇ ಹೇಳೋದಲ್ವಾ ಅಜ್ಜಿ? ಮಂಚ ಸುಮ್ನೆ ಖಾಲಿ ಬಿದ್ದಿತ್ತು."

"ನಾಲ್ಕು ದಿನದಿಂದ ಅದನ್ನೇ ಹೇಳ್ತಿದ್ದೀನಿ ಕಂದ" ಅಂದರು ಅಜ್ಜಿ. "ಈಗ ಪಕ್ಕಕ್ಕೆ ಸರಿ."

ಅವನು ಸರಿದ. ತಳ್ಳಲು ಯಾರೂ ಬರಲಿಲ್ಲ, ಎಲ್ಲರಿಗೂ ಬೇರೆ ಡ್ಯೂಟಿ ಇತ್ತು. ತಲೆ ಕಡೆ ನಾನು ಹಿಡಿದೆ, ಕಾಲ ಕಡೆ ಅಜ್ಜಿ. ಮಂಚದ ಒಂದು ಗಾಲಿ ತಿರುಗುತ್ತಿರಲಿಲ್ಲ, ಅದನ್ನು ಎತ್ತಿ ಎತ್ತಿ ನೂಕಬೇಕಾಯಿತು. ವಾರ್ಡಿನ ಬಾಗಿಲು ಮುಚ್ಚಿತ್ತು. ಅದರ ಮೇಲೆ ಒಂದು ಬೋರ್ಡಿತ್ತು, ದಯವಿಟ್ಟು ತಾಳ್ಮೆಯಿಂದ ಕಾಯಿರಿ ಎಂದು. ನನ್ನ ಎರಡು ಕೈಯೂ ಮಂಚದ ಮೇಲಿದ್ದವು.

ಬಾಗಿಲನ್ನು ಒದ್ದೆ.